ಬಟ್ಟೆ ಒಗೆದ ಮೇಲಿನ ಹಾಡು

ಕೊರಿಯಾದ ಸೋಲ್ ನಗರದ ಬಸ್ ನಿಲ್ದಾಣದ ಸಾಲಿನಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ ಮಿರಾನ್‌ಳ ಕಿವಿಗೆ, ಮುಂದಿದ್ದ, ಫೋನು, ವಾಷಿಂಗ್ ಮಷೀನು ತಯಾರಿಸುವ ಕಂಪನಿಯ ಇಬ್ಬರು ನೌಕರರ ಮಾತು ಬಿತ್ತು.

“ಅಣ್ಣ, ಮೊಬೈಲ್ ವಿಭಾಗ ಮುಚ್ಚಿದ್ರಲ್ಲ, ನನ್ನ ಕೆಲ್ಸ ಹೋಯ್ತಾ?”

“ಇಲ್ಲ ಸೊಕ್‌ಗ್ಯು, ನಿನ್ನನ್ನ ವಾಷಿಂಗ್ ಮಷೀನ್ ವಿಭಾಗಕ್ಕೆ ಹಾಕಿದಾರೆ.”

“ರಿಂಗ್‌ಟೋನ್ ಮಾಡೋನು ಬಟ್ಟೆ ಒಗೀಲಾ?”

“ಒಗೆದಾದ್ಮೇಲೆ ಮಷೀನು ಹಾಡಬೇಕಲ್ಲಪ್ಪ. ಆ ಹಾಡು ನೀನು ಕಟ್ಟು.”

“ನಮ್ಮ ಫೋನು ಯಾರೂ ಕೊಳ್ಳಲಿಲ್ಲ. ಬಸ್ಸಲ್ಲಿ ಒಂದ್ಸಲಾನೂ ನನ್ನ ರಾಗ ಕೇಳ್ಲಿಲ್ಲ ಅಣ್ಣ.”

“ನಮ್ಮ ಮಷೀನು ಮನೆಮನೇಲೂ ಕೊಳ್ತಾರೆ. ನಿಮ್ಮತ್ತೇನೂ ಕೊಳ್ತಾರೆ.”

“ಕೇಳಿ ಅತ್ತೆ ಖುಷಿಪಡ್ತಾರಾ?”

“ಬಟ್ಟೆ ಒಣಹಾಕೋಕೆ ನಿನ್ನನ್ನೇ ಕರೀತಾರೆ.”

ಸೊಕ್‌ಗ್ಯು ನಕ್ಕುಬಿಟ್ಟ. ಅಷ್ಟರಲ್ಲಿ ಅವರ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಲೇ ಅವನು ಏನೋ ಗುನುಗತೊಡಗಿದ.

“ಇನ್ನೂ ಸ್ವಲ್ಪ ಜೋರಾಗಿ,” ಎಂದ ಹಿರಿಯ, “ಅಡುಗೆಮನೆವರೆಗೂ ಕೇಳಬೇಕು.”