ದೊಡ್ಡ ಟರ್ಬೊ ಬೇಕಾ, ಚಿಕ್ಕದು ಸಾಕಾ

…ಅದಲ್ಲ ಅಣ್ಣಾ, ಆ ಪೈಪಲ್ಲ. ಅದರ ಹಿಂದಿಂದು. ಹ್ಞಾ, ಅಲ್ಲೇ! ಅಲ್ಲಿಂದಲೇ ಶಬ್ದ ಬರ್ತಿರೋದು. ಮೊದಲು ಸಣ್ಣಗೆ ಸಿಳ್ಳೆ ಹಾಕಿದ ಹಾಗಿತ್ತು, ಅದು ಸರಿ, ಟರ್ಬೊ ಇರೋ ಕಾರು ಅಂದಮೇಲೆ ಸಿಳ್ಳೆ ಇರುತ್ತೆ. ಈಗ ಹಾಗಲ್ಲ. ಹದಿನೈದು ದಿನದಿಂದ ಯಾರೋ ದೂರದ ಕೋಣೇಲಿ ಒಂದೇ ಸಮ ಅಳ್ತಿರೋ ಹಾಗೆ… ಯಾಕೆ ನಗ್ತೀರಿ? ನಗಬೇಡಿ. ಕಿವಿ ನನ್ನ ಕಸುಬು. ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡೋಳು ನಾನು, ಇಪ್ಪತ್ತೆರಡು ವರ್ಷ ಆಯ್ತು. ಗೋಡೆಗೆಲ್ಲ ಸ್ಪಂಜು ಬಡಿದಿರೋ ಒಂದು ಪುಟ್ಟ ಕೋಣೆ, ಒಳಗೆ ರೋಗಿ, ಗಾಜಿನ ಈಚೆ ನಾನು. ಅವರ ಕಿವಿಗೆ ಸಣ್ಣ ಸಣ್ಣ ಶಬ್ದ ಕಳಿಸ್ತೀನಿ, ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಅಷ್ಟೇ ಕೆಲಸ. ಅದಕ್ಕೇ ಹೇಳಿದ್ದು, ಈ ಶಬ್ದ ಸರಿಯಿಲ್ಲ ಅಂತ.

ಕೈ ಹಾಕಿ ನೋಡಿ. ಆ ಫ್ಯಾನಿನ ನಡುವಿನ ಕಡ್ಡೀನ ಅಲ್ಲಾಡಿಸಿ ನೋಡಿ. ಅಲ್ಲಾಡ್ತಿದೆಯಾ?… ನಾನು ಹೇಳಲಿಲ್ವಾ! ನೋಡಿದಿರಾ, ಹೇಳಲಿಲ್ವಾ ನಾನು! ಆಯಿಲ್ ಕೂಡ ಇದೆಯಲ್ಲ ಅಲ್ಲಿ, ನಿಮ್ಮ ಬೆರಳಿಗೆ ಅಂಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತೆ, ಪಕ್ಕದ ಮನೆಯವರು ಕಿಟಕಿ ಹಾಕ್ಕೋತಾರೆ. ಬೇರಿಂಗ್ ಹೋಗಿದೆ. ಅಲ್ವಾ?

ಇಲ್ಲ ಇಲ್ಲ, ಹಳೇದನ್ನೇ ಮತ್ತೆ ಹಾಕೋದು ಬೇಡ. ಹೇಗೂ ಬಿಚ್ತೀರಿ, ಬಿಚ್ಚೋ ಹೊತ್ತಿಗೆ ಒಳ್ಳೇದೇ ಹಾಕಿಬಿಡೋಣ. ಇಲ್ಲಿ ನೋಡಿ, ನಮ್ಮನೆಯವರು ಈ ನೋಟ್‌ಬುಕ್ಕಲ್ಲಿ ಎಲ್ಲ ಬರೆದಿಟ್ಟಿದ್ದಾರೆ. ಕಾರು ತಗೊಂಡಾಗಿಂದ, ಹನ್ನೊಂದು ವರ್ಷದ್ದು. ಈ ಪುಟ… ಇಲ್ಲ, ಇದು ಟೈರಿಂದು… ಹ್ಞಾ, ಇದು. ‘ದೊಡ್ಡದು’ ಅಂತ ಬರೆದು ಅಡಿಗೆರೆ ಹಾಕಿದ್ದಾರಲ್ಲ, ಎರಡು ಸಲ. ಅವರ ಆಸೆ ಅದು. ಪಕ್ಕದಲ್ಲಿ ‘ಚಿಕ್ಕದು’ ಅಂತಾನೂ ಇದೆ. ಚಿಕ್ಕದು ಅಂದ್ರೆ ಹೊರಗಿನ ಮೈ ಹಳೇ ಟರ್ಬೊದ್ದೇ, ಒಳಗಿನ ಚಕ್ರ ಮಾತ್ರ ಒಂಚೂರು ದೊಡ್ಡದು, ಬಾಲ್ ಬೇರಿಂಗಿಂದು. ಈಗಿರೋ ಜಾಗಕ್ಕೇ ಸರಿಯಾಗಿ ಕೂರುತ್ತೆ, ಈಗಿರೋ ಪೈಪುಗಳೇ ಸಾಕು, ಕಂಪ್ಯೂಟರಲ್ಲಿ ಸ್ವಲ್ಪ ಟ್ಯೂನ್ ಮಾಡಿದರೆ ಆಯ್ತು. ದೊಡ್ಡದಕ್ಕಾದರೆ ಇಂಜೆಕ್ಟರ್ ಬದಲಾಯಿಸಬೇಕು, ಇಂಟರ್‌ಕೂಲರ್ ಬದಲಾಯಿಸಬೇಕು, ಕ್ಲಚ್ಚು ತಡ್ಕೊಳಲ್ಲ, ಅದೂ…

ಏನು ಹಾಗೆ ನೋಡ್ತೀರಿ? ಹೆಂಗಸು ಇಂಜೆಕ್ಟರ್ ಬಗ್ಗೆ ಮಾತಾಡಬಾರದಾ?

ಹ್ಞೂಂ, ನಗ್ರಿ ನಗ್ರಿ. ನಿಜ ಹೇಳ್ತೀನಿ ಅಣ್ಣಾ, ಐದು ತಿಂಗಳ ಹಿಂದೆ ನನಗೆ ಟರ್ಬೊ ಯಾವುದು, ರೇಡಿಯೇಟರ್ ಯಾವುದು ಗೊತ್ತಿರಲಿಲ್ಲ. ಅವರು ಊಟಕ್ಕೆ ಕೂತರೆ ಇದೇ ಮಾತು. ಬೂಸ್ಟ್ ಎಷ್ಟು, ಆಯಿಲ್ ಯಾವುದು, ಯಾವುದು ಬಾಳಿಕೆ ಬರುತ್ತೆ, ಯಾವುದು ಬರೀ ಶೋಕಿ. ನಾನು ಹ್ಞೂಂ ಅನ್ನೋಳು. ಬಡಿಸ್ತಾ ಹ್ಞೂಂ, ತಟ್ಟೆ ಎತ್ತುತ್ತಾ ಹ್ಞೂಂ. ದಿನವಿಡೀ ಶಬ್ದಗಳ ಜೊತೆ ಕೂತು ಬಂದಿರ್ತೀನಿ, ಮನೇಲಿ ಸ್ವಲ್ಪ ಸುಮ್ಮನಿದ್ದರೆ ಸಾಕಪ್ಪಾ ಅನ್ಸೋದು. ಈಗ ಅವರ ಪುಸ್ತಕ, ಪತ್ರಿಕೆ ಎಲ್ಲ ತಗೊಂಡು ಓದಿದೆ. ಒಂದೊಂದು ಪುಟ ಮೂರು ಮೂರು ಸಲ. ಅರ್ಥ ಆಗ್ತಾ ಹೋದ ಹಾಗೆ… ಚೆನ್ನಾಗಿದೆ ಅಣ್ಣಾ ಇದು! ಹೊರಗೆ ಬಿಸಾಡೋ ಹೊಗೆಯಿಂದಲೇ ಚಕ್ರ ತಿರುಗಿಸಿ, ಆ ಚಕ್ರದಿಂದ ಗಾಳಿ ಒಳಗೆ ತಳ್ಳೋದು! ಯಾರಿಗೆ ಹೊಳೀತೋ. ಯಾರಿಗಾದರೂ ಹೇಳಬೇಕು ಅನ್ಸಿ ನಮ್ಮ ಆಸ್ಪತ್ರೆ ನರ್ಸಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯಾ ಅಂತ.

ಯಾರು ಓಡಿಸೋದು ಅಂದ್ರೆ? ಅವರೇ. ನಮ್ಮನೆಯವರೇ ಓಡಿಸೋದು. ನಾನು ಇವತ್ತು ಇಲ್ಲಿಗೆ ತಂದೆ ಅಷ್ಟೇ… ಸೀಟಾ? ಮುಂದಕ್ಕೆ ಎಳೆದಿದೆ, ಹೌದು. ನನ್ನ ಕಾಲು ಗಿಡ್ಡ, ಪೆಡಲ್ ಎಟಕಬೇಕಲ್ಲ. ಇವತ್ತಿಗೆ ಮಾತ್ರ ಎಳ್ಕೊಂಡೆ… ಹಿಂದೆ ಇಟ್ಟಿರೋ ದಿಂಬೂ ನಂದೇ. ಅಣ್ಣಾ, ನೀವು ಇಂಜಿನ್ ನೋಡ್ತಿದೀರೋ ಸೀಟು ನೋಡ್ತಿದೀರೋ!

ಕಳೆದ ಸರ್ವಿಸ್ ಆದಮೇಲೆ ಏಳು ಸಾವಿರ ಕಿಲೋಮೀಟರ್ ಓಡಿದೆಯಾ? ಇರಬಹುದು. ದಿನಾ ಓಡೋ ಕಾರು ತಾನೇ ಇದು. ಸ್ಪೋರ್ಟ್ಸ್ ಕಾರು ಅಂತ ಬಟ್ಟೆ ಹೊದಿಸಿ ಇಟ್ಟಿರೋದಲ್ಲ. ಹೋಗ್ತಾ ಮೂವತ್ತು, ಬರ್ತಾ ಮೂವತ್ತು. ಹನ್ನೊಂದು ಸಿಗ್ನಲ್ಲು. ಮೊದಲ ಆರರಲ್ಲಿ ಬರೀ ಮೊದಲನೇ ಗೇರು, ಎರಡನೇ ಗೇರು, ಎಡಗಾಲು ಬಿದ್ದುಹೋಗುತ್ತೆ. ಆಮೇಲೆ ಸೇತುವೆ ಬರುತ್ತಲ್ಲ, ಅಲ್ಲಿ ಒಂದು ಏರು. ಅಲ್ಲಿ ಮೂರನೇ ಗೇರಿಗೆ ಹಾಕಿ ಮೆತ್ತಗೆ ಒತ್ತಿದರೆ ಇಂಜಿನ್ ಎರಡು ಸಾವಿರ ಸುತ್ತು ಮುಟ್ಟಿದ ಕೂಡಲೇ ಟರ್ಬೊಗೆ ಎಚ್ಚರ ಆಗುತ್ತೆ. ಬೆನ್ನಿಗೆ ಯಾರೋ ಅಂಗೈ ಇಟ್ಟು, ನಡಿ, ನಾನಿದೀನಿ, ನಡಿ, ಅಂದ ಹಾಗೆ. ಇಡೀ ದಿನದಲ್ಲಿ ಅದೊಂದೇ… 

…ಅಂತ ಅವರು ಹೇಳ್ತಾರೆ. ನಮ್ಮನೆಯವರು. ಅವರು ಹೇಳಿದ್ದನ್ನ ನಾನು ಹೇಳಿದೆ.

ಗೊತ್ತು ಅಣ್ಣಾ, ಗೊತ್ತು. ದೊಡ್ಡದು ಹಾಕಿದರೆ ಆ ಏರಲ್ಲಿ ಏನೂ ಇರಲ್ಲ. ನಾಲ್ಕು ಸಾವಿರ ಸುತ್ತು ದಾಟೋವರೆಗೂ ನಿದ್ದೆ, ಆಮೇಲೆ ಒಮ್ಮೆಲೇ ಒದೆತ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳೋ ಕಾರಿಗೆ ಅದು ಯಾವ ಉಪಯೋಗಕ್ಕೆ. ಇಂಜಿನ್ನಿಗೂ ಹೊರೆ. ಮೂವತ್ತು ವರ್ಷದ ಕೈ ನಿಮ್ಮದು, ನೀವು ಹೇಳೋದು ಸರಿ. ನಿಮ್ಮ ಮಾತು ನಾನು ಒಪ್ತೀನಿ… ಆದರೆ ದೊಡ್ಡದೇ ಹಾಕಿ. ಅವರು ಎರಡು ಗೆರೆ ಎಳೆದಿದ್ದಾರಲ್ಲ. ಹನ್ನೊಂದು ವರ್ಷ ಆಸೆ ಪಟ್ಟದ್ದು. ಬಂದು ಕೀಲಿ ತಿರುಗಿಸಿದ ಕೂಡಲೇ ಗೊತ್ತಾಗಬೇಕು, ಇವಳು ಕೇಳಿಸ್ಕೊಂಡಿದ್ದಳು ಅಂತ. ಹ್ಞೂಂ ಹ್ಞೂಂ ಅಂದರೂ ಕೇಳಿಸ್ಕೊಂಡಿದ್ದಳು ಅಂತ.

ಫೋನಾ? ಅವರಿಗಾ? ಬೇಡ ಬೇಡ! ಫೋನ್ ಕೆಳಗಿಡಿ ಅಣ್ಣಾ, ದಯವಿಟ್ಟು. ಹೇಳದೆ ಮಾಡಿಸ್ತಿರೋದು ಇದು. ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಈ ತಿಂಗಳ ಕೊನೆಗೆ… ಇಲ್ಲದಿದ್ದರೆ ಮುಂದಿನ ತಿಂಗಳು. ದೊಡ್ಡ ಕೆಲಸ, ಮುಗಿದ ಮೇಲೆ ಬರ್ತಾರೆ. ನೀವು ಫೋನ್ ಮಾಡಿ ಕೇಳಿದರೆ ಎಲ್ಲ ಹಾಳಾಗುತ್ತೆ.

ಇನ್ನೊಂದು ಕೇಳಬೇಕಿತ್ತು. ಮರೆಯೋ ಮುಂಚೆ ಕೇಳಿಬಿಡ್ತೀನಿ. ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ ತಕ್ಷಣ ಆಫ್ ಮಾಡಬಾರದಲ್ಲ? ಟರ್ಬೊ ಕಾದಿರುತ್ತೆ, ಸ್ವಲ್ಪ ಹೊತ್ತು ಹಾಗೇ ಓಡ್ತಿದ್ದರೆ ಆಯಿಲ್ ಹರಿದು ತಣ್ಣಗಾಗುತ್ತೆ. ಹೊಸದಕ್ಕೆ ಎಷ್ಟು ಹೊತ್ತು ಬೇಕು? ಇದಕ್ಕೆ ಇಪ್ಪತ್ತೈದು ನಿಮಿಷ ಬೇಕಾಗ್ತಿತ್ತು. ಒಂದೊಂದು ದಿನ ಅರ್ಧ ಗಂಟೆ. ಸಂಜೆ ಬಂದು ಕೆಳಗೆ ನಿಲ್ಲಿಸಿ ಅಲ್ಲೇ ಕೂತಿರೋರು ಅವರು, ಟರ್ಬೊ ತಣೀಲಿ ಅಂತ. ನಾನು ಅಡುಗೆ ಎರಡೆರಡು ಸಲ ಬಿಸಿ ಮಾಡಬೇಕಾಗೋದು. ಅಕ್ಕ ಬಂದಾಗ ಕೇಳಿದಳು, ಏನೇ, ನಿನ್ನ ಗಂಡ ಬಂದು ಇಷ್ಟು ಹೊತ್ತಾಯ್ತು, ಮೇಲೆ ಬರಲ್ವಾ ಅಂತ. ಟರ್ಬೊ ಕಣೇ, ಹಾಗೆಲ್ಲ ಬಿಟ್ಟು ಬರೋ ಹಾಗಿಲ್ಲ ಅಂದೆ. ಈ ಮಾಡೆಲ್ಲಿಗೆ ಅಷ್ಟು ಹೊತ್ತು ಬೇಕು, ಅಲ್ವಾ ಅಣ್ಣಾ?

…ಸ್ಪ್ಯಾನರ್ ಯಾಕೆ ಕೆಳಗಿಟ್ಟಿರಿ?

ಅಣ್ಣಾ.

ಬೇರೆ ಕಾರಿಗೆ ಒಂದು ನಿಮಿಷ ಸಾಕು ಅಂತಾರೆ, ಅದನ್ನ ಓದಿದೀನಿ. ಈ ಮಾಡೆಲ್ಲಿಗೆ ಕೇಳ್ತಿರೋದು ನಾನು. ಇದರ ಇಂಜಿನ್ ಹಿಂದೆ ಇದೆ, ಗಾಳಿ ಕಮ್ಮಿ. ಇದಕ್ಕೆ ಬೇರೆ ಲೆಕ್ಕ ಇರಬೇಕಲ್ಲ? ನಿಮ್ಮ ಅನುಭವದಲ್ಲಿ ನೋಡಿರ್ತೀರಿ. ಇಪ್ಪತ್ತೈದು… ಇಪ್ಪತ್ತು? ಹೋಗಲಿ, ಹತ್ತು?

ಆ ಬಟ್ಟೇಲಿ ಎಷ್ಟು ಒರೆಸ್ಕೋತೀರಿ, ಕೈ ಆಗಲೇ ಶುಭ್ರ ಆಗಿದೆ.

ನನ್ನ ಕೋಣೇಲಿ ಎರಡು ಥರ ಸುಮ್ಮನಿರೋರು ಬರ್ತಾರೆ ಅಣ್ಣಾ. ಒಬ್ಬರು ಕೇಳಿಸದೆ ಸುಮ್ಮನಿರೋರು. ಇನ್ನೊಬ್ಬರು ಕೇಳಿಸಿಯೂ ಗುಂಡಿ ಒತ್ತದೆ ಕೂರೋರು. ಮುಖ ನೋಡಿದರೆ ಗೊತ್ತಾಗುತ್ತೆ. ನಿಮಗೆ ಚೆನ್ನಾಗಿ ಕೇಳಿಸಿದೆ.

ಒಂದು ಸುಳ್ಳು ಹೇಳಬಹುದಿತ್ತಲ್ಲ ನೀವು! ಈ ಮಾಡೆಲ್ಲಿಗೆ ಅರ್ಧ ಗಂಟೆ ಬೇಕೇ ಬೇಕು ಅಮ್ಮಾ ಅಂದುಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ನಂಬ್ತಿದ್ದೆ. ಮೂವತ್ತು ವರ್ಷದ ಕೈ ಅಂತ ನಂಬ್ತಿದ್ದೆ. ಎಲ್ಲ ಪುಸ್ತಕದಲ್ಲೂ ಒಂದು ನಿಮಿಷ ಅಂತಲೇ ಬರೆದಿದೆ. ಅವರದೇ ನೋಟ್‌ಬುಕ್ಕಲ್ಲೂ ಇದೆ, ಅವರದೇ ಅಕ್ಷರ, ‘ಒಂದು ನಿಮಿಷ ಧಾರಾಳ’. ಆ ಪುಟ ನೋಡಿದ ದಿನ ನೋಟ್‌ಬುಕ್ ಮುಚ್ಚಿ ಕಪಾಟಲ್ಲಿಟ್ಟೆ. ಮತ್ತೆ ತೆಗೆದೆ. ಯಾರಾದರೂ ಗೊತ್ತಿರೋರು ಇದು ತಪ್ಪು ಅಂತ ಹೇಳಲಿ ಅಂತ ಬಂದೆ ಇಲ್ಲಿಗೆ. ಟರ್ಬೊ ಕೆಟ್ಟಿರೋದು ನಿಜ. ಆದರೆ ಕೇಳೋಕೆ ಬಂದದ್ದು ಇದನ್ನ.

ಕೆಲಸದ ಮೇಲೆ ಹೋಗಿಲ್ಲ ಅವರು. ನಿಮಗೆ ಆಗಲೇ ಗೊತ್ತಾಗಿರುತ್ತೆ, ಸೀಟು ನೋಡಿದಾಗಲೇ. ಐದು ತಿಂಗಳಾಯ್ತು. ಆವತ್ತು ನಲವತ್ತು ನಿಮಿಷ ಕೂತಿದ್ದರು ಕೆಳಗೆ. ಮೇಲೆ ಬಂದು ಕೀಲಿ ಮೇಜಿನ ಮೇಲಿಟ್ಟು, ‘ನೀನೇ ಇಟ್ಕೋ, ನಿನಗೂ ಅನುಕೂಲ ಆಗುತ್ತೆ’ ಅಂದರು. ಒಂದು ಬ್ಯಾಗು ತಗೊಂಡರು. ಜಗಳ ಇಲ್ಲ, ಏನಿಲ್ಲ. ಬೇರೆ ಯಾರೂ ಇಲ್ಲ ಅಂತಾನೂ ಅಂದರು, ನಾನು ಕೇಳಿರಲೇ ಇಲ್ಲ. ಮೆಟ್ಟಿಲಿಳಿದು ಹೋಗೋ ಸದ್ದು ಕೊನೇ ಮೆಟ್ಟಿಲವರೆಗೂ ಕೇಳಿಸ್ತು ನನಗೆ. ನಮ್ಮನೆಯವರು ನಮ್ಮನೆಯವರು ಅಂತ ಬಾಯ್ತುಂಬ ಅಂತೀನಲ್ಲ, ಮನೇಲಿದ್ದರೆ ತಾನೇ! ಇಷ್ಟು ವರ್ಷ ಅಂದ್ಕೊಂಡಿದ್ದೆ, ಇವರಿಗೆ ನನಗಿಂತ ಕಾರೇ ಹೆಚ್ಚು ಅಂತ. ಹೊಟ್ಟೆ ಉರ್ಕೊಂಡಿದ್ದೆ ಈ ಕಬ್ಬಿಣದ ಮೇಲೆ. ಕಾರನ್ನೇ ಬಿಟ್ಟು ಹೋದರಲ್ಲ ಅಣ್ಣಾ…

ಹೇಳಬೇಡಿ. ಸಮಾಧಾನ ಏನೂ ಹೇಳಬೇಡಿ, ಇನ್ನೂ ಮುಗಿದಿಲ್ಲ. ಇದನ್ನ ಅಕ್ಕನಿಗೂ ಹೇಳಿಲ್ಲ ನಾನು.

ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಗೊತ್ತಿತ್ತು. ಒಂದು ಸಂಜೆ ಕೆಳಗೆ ಹೋದೆ, ಊಟ ಆರ್ತಿದೆ ಬನ್ನಿ ಅಂತ ಕರೆಯೋಕೆ. ಕಂಬದ ಹಿಂದಿನಿಂದ ಬಂದೆ, ಅವರಿಗೆ ಕಾಣಿಸಲಿಲ್ಲ. ಇಂಜಿನ್ ಓಡ್ತಾನೇ ಇರಲಿಲ್ಲ ಅಣ್ಣಾ. ಆಫ್ ಮಾಡಿದ್ದರು. ಟರ್ಬೊ ಇಲ್ಲ, ಆಯಿಲ್ ಇಲ್ಲ, ಏನೂ ಇಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ಬೋಳು ಗೋಡೆ ನೋಡ್ತಾ ಕೂತಿದ್ದರು. ಒಂಟಿಯಾಗಿ ಕಾಯ್ತಾ ಕೂತಿರೋ ರೋಗಿಗಳನ್ನ ನೋಡಿದೀನಲ್ಲ ನಾನು, ಹಾಗೆ. ಗಾಜು ತಟ್ಟಬಹುದಿತ್ತು. ಎರಡೇ ಹೆಜ್ಜೆ. ಏನು ಯೋಚನೆ ಮಾಡ್ತಿದೀರಿ ಅನ್ನಬಹುದಿತ್ತು. ಪಕ್ಕದ ಸೀಟಲ್ಲಿ ಕೂರಬಹುದಿತ್ತು, ಎರಡೇ ಸೀಟಿನ ಕಾರು, ಒಂದು ಖಾಲಿ ಇತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಸದ್ದಾಗದ ಹಾಗೆ ಮೇಲೆ ಬಂದೆ. ಅಡುಗೆ ಇನ್ನೊಂದು ಸಲ ಬಿಸಿ ಮಾಡಿದೆ. ಅವರು ಬಂದಾಗ ಕೇಳಿದೆ, ತಣ್ಣಗಾಯ್ತಾ ಟರ್ಬೊ ಅಂತ. ಹ್ಞೂಂ ಅಂದರು. 

ಟರ್ಬೊ ಅಂದ್ಕೊಂಡರೆ ಸುಲಭ ಅಲ್ವಾ? ಎಷ್ಟು ಸುಲಭ ಆಗಿತ್ತು ಗೊತ್ತಾ. ಇಬ್ಬರಿಗೂ.

ನೀವು ಮನೆಗೆ ಹೋದ ಕೂಡಲೇ ಒಳಗೆ ಹೋಗ್ತೀರಾ ಅಣ್ಣಾ? ಬೈಕ್ ನಿಲ್ಲಿಸಿ, ನೇರ ಒಳಗೆ?… ಬಿಡಿ. ಉತ್ತರ ಬೇಡ. ಕೇಳಬಾರದಿತ್ತು.

ಆ ಸ್ಟೂಲ್ ಬೇಡ, ನಿಂತೇ ಇರ್ತೀನಿ… ಸರಿ, ಕೊಡಿ.

ಹ್ಞೂಂ. ಯಾರು ಓಡಿಸೋದು ಅಂದ್ರೆ, ನಾನೇ. ಏಳು ಸಾವಿರ ಕಿಲೋಮೀಟರೂ ನಂದೇ. ಆಸ್ಪತ್ರೆಗೆ ಬಸ್ಸಿದೆ, ಆದರೂ ಕಾರೇ. ಮೊದಲು ಅವರು ಬಂದಾಗ ಬ್ಯಾಟರಿ ಸತ್ತಿರಬಾರದು ಅಂತ ಓಡಿಸಿದೆ. ಆಮೇಲೆ… ಆಮೇಲೆ ಆ ಸೇತುವೆ ಏರಿಗೋಸ್ಕರ. ಬೆನ್ನಿಗೆ ಕೈ ಇಟ್ಟ ಹಾಗಿರುತ್ತೆ ಅಂದಿದ್ದು ಅವರಲ್ಲ, ನಾನು. ಅವರು ಅಂಥ ಮಾತೆಲ್ಲ ಆಡೋರಲ್ಲ.

ದೊಡ್ಡದು ಬೇಡ. ಕೊಡಿ ನೋಟ್‌ಬುಕ್ಕು… ಚಿಕ್ಕದನ್ನೇ ಹಾಕಿ ಅಣ್ಣಾ. ನೀವು ಮೊದಲೇ ಹೇಳಿದ್ದು. ಎರಡು ಸಾವಿರಕ್ಕೇ ಎಳೀಬೇಕು, ಹನ್ನೊಂದು ಸಿಗ್ನಲ್ ತಡ್ಕೋಬೇಕು, ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಡಬೇಕು. ನಡು ದಾರೀಲಿ ನಿಂತರೆ ಕರೆಯೋಕೆ ನನಗೆ ಯಾರೂ ಇಲ್ಲ. ಆಯಿಲ್ ಪೈಪೂ ಹೊಸದೇ ಹಾಕಿಬಿಡಿ, ಹಳೇದರಲ್ಲಿ ಕಸ ಕಟ್ಟಿರುತ್ತೆ, ಹೊಸ ಬೇರಿಂಗನ್ನೂ ತಿಂದುಹಾಕುತ್ತೆ. ಓದಿದೀನಿ.

ನಾಲ್ಕು ದಿನ ಬೇಕಾ? ಆಗಲಿ. ಆತುರ ಇಲ್ಲ, ಬಸ್ಸಲ್ಲಿ ಹೋಗ್ತೀನಿ.

ಊಟದ ಹೊತ್ತಾಯ್ತು ಅಲ್ವಾ ನಿಮಗೆ? ಮಾಡಿ, ಮಾಡಿ, ನನ್ನಿಂದ ತಡ ಆಯ್ತು. ನಾನಾ? ಹೋಗ್ತೀನಿ, ಇನ್ನೇನು ಹೊರಟೆ… ಅಣ್ಣಾ, ನಿಮಗೆ ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಹೊತ್ತು ಇಲ್ಲೇ ಕೂತಿರಲಾ? ನೀವು ಊಟ ಮಾಡ್ಕೊಳ್ಳಿ, ನಾನು ಮಾತಾಡಲ್ಲ. ಕೆಲಸಕ್ಕೆ ಅಡ್ಡ ಬರಲ್ಲ. ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ.