ಟೇಪಿನ ಆ ತುದಿ

ನಗಬೇಡಿ... ಇದು ನನ್ನ ಸ್ವಂತ ಭಾವನಿಗೇ ಆಗಿದ್ದು. ಅಕ್ಕನ ಗಂಡ. ಹಳೇ ಕಟ್ಟಡ ಉಳಿಸೋ ಸರ್ಕಾರಿ ಆಫೀಸಲ್ಲಿ ಸರ್ವೆಯರ್. ದೆವ್ವ ಅಂದ್ರೆ ಗೇಲಿ ಮಾಡೋ ಆಸಾಮಿ.

ಹಳೇ ಕೋರ್ಟು ಕಟ್ಟಡ ಒಡೆಯೋದು ಅಂತ ತೀರ್ಮಾನ ಆಗಿತ್ತು. ತಡೀಬೇಕಂದ್ರೆ ಹೊಸದಾಗಿ ಅಳೆದ ವರದಿ ಹೋಗಬೇಕು, ನಕಲು ನಡೆಯಲ್ಲ. ಅಳತೆ ಟೇಪಿನ ಆ ತುದಿ ಹಿಡಿಯೋಕೆ ಇನ್ನೊಬ್ಬರನ್ನ ಕೊಡಿ ಅಂತ ಭಾವ ತಿಂಗಳುಗಟ್ಟಲೆ ಬಡ್ಕೊಂಡ. ಸಾಹೇಬರದು ಒಂದೇ ರಾಗ.

"ಅಜ್ಜನ ಕಾಲದ ವರದಿ ಇದೆಯಲ್ಲ, ಅದನ್ನೇ ಇಳಿಸ್ರಿ. ಎಲ್ಲರೂ ಅದನ್ನೇ ಮಾಡಿರೋದು."

"ಹಿಂದಿನ ಕೋಣೆ ಆಮೇಲೆ ಕಟ್ಟಿದ್ದು ಸಾರ್. ಅದರಲ್ಲಿ ಇಲ್ಲ."

"ವರದಿಯಲ್ಲಿಲ್ಲ ಅಂದ್ರೆ ಕೋಣೆಯೂ ಇಲ್ಲ ಬಿಡ್ರಿ."

ಇಂಥವರ ಹತ್ರ ಏನು ಮಾತಾಡ್ತೀರಿ?

ಮಾರನೇ ದಿನವೇ ಗಡುವು. ಆ ರಾತ್ರಿ ಭಾವ ಮೈಯೆಲ್ಲ ಉರ್ಕೊಂಡು ಮನೆಗೆ ಹೊರಟಿದ್ದ. ಹಳೇ ಕೋರ್ಟಿನ ಮುಂದಿರೋ ಪಾಳುಬಾವಿ ದಾಟುವಾಗ ತಡೆಯಲಾಗಲಿಲ್ಲ. ಕಟ್ಟಡದ ಬೀಗ ತೆಗೆದು ಒಳಗೆ ಹೋದ. ಟೇಪಿನ ತುದೀನ ಬಾಗಿಲ ಮೊಳೆಗೆ ಸಿಕ್ಕಿಸಿ ಎದುರು ಗೋಡೆ ಕಡೆಗೆ ನಡೆದ. ಟಿಣ್... ಮೊಳೆ ಕಿತ್ತು ಬಿತ್ತು. ಇನ್ನೊಂದಕ್ಕೆ ಸಿಕ್ಕಿಸಿದ. ಟಿಣ್...

"ಥೂ! ಒಂದು ತುದಿ ಹಿಡಿಯೋಕೆ ನರಪಿಳ್ಳೆನೂ ಇಲ್ವಾ ಈ ಸರ್ಕಾರದಲ್ಲಿ!"

ಸರ್ರ್... ಕತ್ತಲಲ್ಲಿ ಟೇಪು ಬಿಗಿಯಾಯ್ತು.

"ಯಾ... ಯಾರು?"

"ಹಿಡಿದಿದೀನಿ..." ಪಿಸುದನಿ. "ಬರ್ಕೊಳ್ಳಿ."

ಬರ್ಕೊಂಡ! ಮೊಬೈಲ್ ಬೆಳಕನ್ನ ಪುಸ್ತಕದ ಮೇಲೆ ಹಿಡಿದು ಒಂದೊಂದೇ ಅಂಕಿ ಬರ್ಕೊಂಡ. ಗೋಡೆಯಿಂದ ಗೋಡೆಗೆ, ಹಿಂದಿನ ಕೋಣೆಗೆ... ಆ ತುದಿ ತಾನಾಗೇ ಜಾಗ ಬದಲಿಸ್ತಿತ್ತು. ಹೆಜ್ಜೆ ಸದ್ದಿಲ್ಲ. ಟೇಪು ನೆಲಕ್ಕೆ ಉಜ್ಜೋದು ಮಾತ್ರ... ಸ್ಸ್... ಸ್ಸ್...

"ಸಾಕು, ಬಿಡು," ಅಂದ ಭಾವ.

"ಕಟ್ಟಡ ಉಳಿಯುತ್ತಾ?"

"ಉಳಿಸ್ತೀನಿ," ಅಂದುಬಿಟ್ಟ. ಆಮೇಲೇ ಟೇಪು ಸಡಿಲ ಆಗಿದ್ದು.

ಬೆಳಗ್ಗೆ ಸಾಹೇಬರು ವರದಿ ತಿರುವಿ ಹಾಕಿದರು. "ಅಳತೆಗೆ ಇಬ್ಬರ ಸಹಿ ಬೇಕು. ಆ ತುದಿ ಹಿಡಿದವರು ಯಾರ್ರೀ?"

ಇದ್ದಿದ್ದು ಭಾವನ ಸಹಿ ಒಂದೇ. ವರದಿ ವಾಪಸ್. ಆ ವಾರವೇ ಬುಲ್ಡೋಜರ್ ಬಂತು.

ಈಗಲ್ಲಿ ಬರೀ ಬಯಲು. ಭಾವ ಟೇಪು ಮುಟ್ಟೋದನ್ನೇ ಬಿಟ್ಟಿದಾನೆ. ಆದ್ರೆ ಊಟಕ್ಕೆ ಕೂತಾಗ, ಮಾತಾಡ್ತಾ ಇದ್ದಾಗ, ಅವನ ಬಲಗೈ ಒಮ್ಮೆಲೇ ಮುಂದಕ್ಕೆ ಜಗ್ಗುತ್ತೆ... ಆ ಕಡೆಯಿಂದ ಯಾರೋ ಎಳೆದ ಹಾಗೆ. ನಿನ್ನೆ ನಮ್ಮನೇಲೂ ಹಾಗೇ ಆಗಿ ಲೋಟ ಉರುಳಿಬಿತ್ತು.

"ಬಿಡಪ್ಪಾ... ಅಳೆಯೋಕೆ ಏನೂ ಉಳಿದಿಲ್ಲ," ಅಂದ, ಯಾರೂ ಇಲ್ಲದ ಕಡೆ ನೋಡ್ತಾ.

ಸುಳ್ಳು ಅಂತೀರಾ? ನೆಲದ ನೀರು ಒರೆಸಿದ್ದು ನಾನೇ.