ಕಂಬಳಿಯೊಳಗಿದ್ದ ಕಟ್ಲಾ ಮೀನಿನ ವಿಷಯವಾಗಿ

ನನ್ನ ಹೆಸರು ಪ್ರಹ್ಲಾದ, ತಂದೆ ವಿಠ್ಠಲರಾವ ಗಲಗಲಿ. ವಯಸ್ಸು 68 ವರ್ಷ. ಉದ್ಯೋಗ: ತಾಲೂಕು ಕಚೇರಿಯ ನಿವೃತ್ತ ಶಿರಸ್ತೇದಾರ. ಸಾಕಿನ್: ಹಳೇ ಅಂಚೆ ಕಚೇರಿಯ ಹಿಂದಿನ ಓಣಿ, ಜಮಖಂಡಿ. ಇಂದು ಬೀಳಗಿ ಠಾಣೆಯಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು, ನಾನೇ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಮೊಟ್ಟಮೊದಲನೆಯದಾಗಿ, ಇಂದು ಮಧ್ಯಾಹ್ನ ಬೀಳಗಿ ಕ್ರಾಸಿನಲ್ಲಿ ತಡೆದ ಪಿಕಪ್ ಗಾಡಿಯಲ್ಲಿ ಕಂಬಳಿ ಮುಚ್ಚಿ ಒಯ್ಯುತ್ತಿದ್ದದ್ದು ಮಗುವಲ್ಲ, ಮೀನು. ಕಂಬಳಿ ಎತ್ತಿದ ಕೂಡಲೇ ಆ ಮೀನು ಕಾನ್‌ಸ್ಟೇಬಲ್ ನವೀನ ಅವರ ಗಲ್ಲಕ್ಕೆ ಬಾಲದಿಂದ ಹೊಡೆದು ಇದನ್ನು ರುಜುವಾತುಪಡಿಸಿದೆ. ಅದಕ್ಕಾಗಿ ಮೀನಿನ ಪರವಾಗಿ ವಿಷಾದಿಸುತ್ತೇನೆ.

ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಈ ಪ್ರಕರಣ ಹೋದ ವರ್ಷದಿಂದ ಶುರುವಾಗುತ್ತದೆ. ಸಂಬಂಧಪಟ್ಟಷ್ಟನ್ನೇ ಬರೆಯಬೇಕೆಂದು ಹೆಡ್ ಕಾನ್‌ಸ್ಟೇಬಲ್ ಮುತ್ತವ್ವ ಅವರು ಎರಡು ಸಲ ಸೂಚಿಸಿದ್ದರಿಂದ ನನ್ನ ಕಾಲೇಜಿನ ದಿನಗಳನ್ನು ಕೈಬಿಟ್ಟಿದ್ದೇನೆ.

ನಾವು ಮೂವರು ಗೆಳೆಯರು ಪ್ರತಿ ಡಿಸೆಂಬರಿನಲ್ಲಿ ಕೃಷ್ಣಾ ಹಿನ್ನೀರಿಗೆ ಗಾಳ ಹಾಕಲು ಹೋಗುತ್ತೇವೆ. ಒಬ್ಬರು ಗಿರಿಮಲ್ಲಪ್ಪ, ಬೀಳಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಇನ್ನೊಬ್ಬರು ಪರಮಾನಂದ, ಮಹಾಲಿಂಗಪುರದ ಪೇಟೆಯಲ್ಲಿ ರೈತರ ಬೆಲ್ಲ ತೂಗಿ ಮಾರಿಸುವ ಅಡತಿ ವ್ಯಾಪಾರಿ. ಪರಮಾನಂದ ಗಾಳ ಹಾಕುವುದಿಲ್ಲ. ತಮ್ಮ ತೂಗುಕೊಕ್ಕೆ ತಂದು ತೂಕ ಮಾಡುತ್ತಾರೆ, ನಮಗೆ ಬೈಯುತ್ತಾರೆ. ನಾನು ಮೀನು ತಿನ್ನುವವನಲ್ಲ. ಹಿಡಿಯುವುದು, ತೂಗುವುದು, ಜೀವಂತ ನೀರಿಗೆ ಬಿಡುವುದು, ಇಷ್ಟೇ ನಮ್ಮ ಕಾಯ್ದೆ. ಸತ್ತ ಮೀನು ಲೆಕ್ಕಕ್ಕಿಲ್ಲ. ಈ ಕಾಯ್ದೆ ಮಾಡಿದವಳು ನನ್ನ ಪತ್ನಿ ದಿವಂಗತ ಕುಮುದಿನಿ. ಒಂದೇ ಒಂದು ಮೀನು ಸತ್ತರೂ ದೇವರ ಮನೆಯ ಹೊಸ್ತಿಲು ದಾಟಗೊಡುವುದಿಲ್ಲ ಎಂದಿದ್ದಳು. ನಾನು ಕೈ ತೊಳೆದು ಊಟಕ್ಕೆ ಕುಳಿತರೆ, "ಬಂದ್ರೇನ್ರಿ ಡೆಂಟಿಸ್ಟ್ ಸಾಹೇಬ್ರು? ಇವತ್ತ ಎಷ್ಟ ಮೀನಿನ ಹಲ್ಲ ನೋಡಿ ವಾಪಸ್ ಕಳಿಸಿದ್ರಿ?" ಎಂದು ಕೇಳುತ್ತಿದ್ದಳು.

ಅವಳು ತೀರಿದ ಮೇಲೆ, ಹೋದ ವರ್ಷ, ಅವಳ ತವರಿನಿಂದ ಬಂದ ಬೆಳ್ಳಿಯ ತಂಬಿಗೆಯನ್ನು ಅವಳ ಸ್ಮರಣಾರ್ಥ ಬಹುಮಾನವಾಗಿ ಇಟ್ಟೆನು. ಕಂಠದ ಕೆಳಗೆ ಅವಳ ಹೆಸರಿದೆ. ಗೆದ್ದವನು ಒಂದು ವರ್ಷ ಇಟ್ಟುಕೊಳ್ಳಬೇಕು, ಮರುವರ್ಷ ಆ ತೂಕವನ್ನು ಯಾರೂ ಮೀರದಿದ್ದರೆ ತಂಬಿಗೆ ಅವನಿಗೇ ಕಾಯಂ ಎಂದು ನಾನೇ ಘೋಷಿಸಿದೆನು. ಎರಡೂ ವರ್ಷ ನಾನೇ ಗೆಲ್ಲುವೆನೆಂಬುದು ನನ್ನ ಎಸ್ಟಿಮೇಟ್ ಆಗಿತ್ತು. ಹದಿನೇಳು ಕಿಲೋ ನಾನ್ನೂರು ಗ್ರಾಂ ಕಟ್ಲಾ ಹಿಡಿದು ಗಿರಿಮಲ್ಲಪ್ಪ ಗೆದ್ದರು. ಅಂದಿನಿಂದ ತಂಬಿಗೆ ಅವರ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇತ್ತು. ಅದರಲ್ಲಿ ಬಾಲ್ ಪೆನ್ನುಗಳನ್ನು ಇಟ್ಟಿರುತ್ತಿದ್ದರು. ನಾನು ಈ ವರ್ಷ ನಾಲ್ಕು ಸಲ ಅಲ್ಲಿಗೆ ಹೋಗಿ, ಹೊಲವಿಲ್ಲದಿದ್ದರೂ ಮೆಂತ್ಯದ ಬೀಜ ಕೊಂಡಿದ್ದೇನೆ.

ಇಂದು ಬೆಳಿಗ್ಗೆ 6.30ಕ್ಕೆ ನಾವು ಪಿಕಪ್ ಗಾಡಿಯಲ್ಲಿ ಹಿನ್ನೀರಿನ ದಂಡೆ ತಲುಪಿದೆವು. ಇಂಥ ಥಂಡಿಯನ್ನು ನಾನು ನೌಕರಿಯಲ್ಲಿದ್ದಾಗಲೂ ಕಂಡಿರಲಿಲ್ಲ. ಮೋಡ ಕವಿದಿತ್ತು, ಜಿಟಿಜಿಟಿ ಮಳೆ ಹತ್ತಿತ್ತು, ನೀರಿನ ಕಡೆಯಿಂದ ಬೀಸುವ ಗಾಳಿ ಸ್ವೆಟರಿನೊಳಗೆ ಹೊಕ್ಕು ಮತ್ತೆ ಹೊರಗೆ ಬರುತ್ತಿರಲಿಲ್ಲ. ಪರಮಾನಂದ ಗಾಡಿಯಿಂದ ಇಳಿಯದೆ, "ನಿಮಗ ಹುಚ್ಚ ಹಿಡದೈತೇನ್ರಿ? ಮೀನಾ ಸುದ್ದಾ ಇವತ್ತ ಹಾಸಿಗಿ ಬಿಟ್ಟ ಏಳಂಗಿಲ್ಲ" ಎಂದರು. ನಾನು ಗಾಳಕ್ಕೆ ಚುಚ್ಚಲು ಶೇಂಗಾ ಹಿಂಡಿಗೆ ಬೆಲ್ಲ, ಏಲಕ್ಕಿ ಹಾಕಿ ಉಂಡೆ ಕಟ್ಟಿದ್ದೆನು. ಏಲಕ್ಕಿಯ ಪ್ರಮಾಣ ಹೋಳಿಗೆಯ ಹೂರಣಕ್ಕೆ ಕುಮುದಿನಿ ಹಾಕುತ್ತಿದ್ದಷ್ಟೇ.

ಹತ್ತೂವರೆಯವರೆಗೆ ಏನೂ ಆಗಲಿಲ್ಲ. ಆಮೇಲೆ ನನ್ನ ದಾರ ಒಮ್ಮೆಲೇ ಬಿಗಿಯಿತು. ದಂಡೆ ಕೆಸರಾಗಿದ್ದರಿಂದ ಮೀನು ನನ್ನನ್ನು ಸುಮಾರು ಹನ್ನೆರಡು ಅಡಿ ನೀರಿನ ಕಡೆಗೆ ಎಳೆದೊಯ್ದಿತು. ಇಲ್ಲಿ ನಮೂದಿಸಬೇಕಾದ ಸಂಗತಿಯೆಂದರೆ, ಹಿಂದಿನಿಂದ ನನ್ನ ಬೆಲ್ಟ್ ಹಿಡಿದು ನಿಲ್ಲಿಸಿದವರು ಗಿರಿಮಲ್ಲಪ್ಪ. ನಾನು ಗೆದ್ದರೆ ತಂಬಿಗೆ ಹೋಗುವುದು ಅವರದೇ. ಆದರೂ, "ಸಡ್ಲ ಬಿಡ್ರಿ ಪ್ರಹ್ಲಾದರಾವ್, ಸಡ್ಲ ಬಿಡ್ರಿ! ಅದೇನ ತಾಲೂಕ ಕಚೇರಿ ಫೈಲೇನ್ರಿ, ಹಿಂಗ ಗಟ್ಟಿ ಹಿಡಕೊಂಡ ಕುಂದರಾಕ?" ಎಂದು ಕೂಗುತ್ತ ನಲವತ್ತು ನಿಮಿಷ ನನ್ನ ಬೆಲ್ಟ್ ಬಿಡಲಿಲ್ಲ.

ಮೀನು ದಂಡೆಗೆ ಬಂತು. ಕಟ್ಲಾ. ಅದರ ತಲೆ ನನ್ನ ತಲೆಗಿಂತ ದೊಡ್ಡದಿತ್ತು. ಪರಮಾನಂದ ಅದನ್ನು ಚೀಲದಲ್ಲಿ ಹಾಕಿ ಕೊಕ್ಕೆಗೆ ತೂಗುಹಾಕಿ, ಪೇಟೆಯಲ್ಲಿ ಕೂಗುವಂತೆ, "ಹದಿನೇಳು ಕಿಲೋ, ನೂರು ಗ್ರಾಂ!" ಎಂದು ಕೂಗಿದರು. ಮುನ್ನೂರು ಗ್ರಾಂ ಕಡಿಮೆ. ನನ್ನ ಚಸ್ಮಾದ ಮೇಲೆ ಮಳೆಹನಿಗಳಿದ್ದುದರಿಂದ ಮುಳ್ಳು ಎಲ್ಲಿ ನಿಂತಿತೆಂದು ನಾನು ನೋಡಲಿಲ್ಲ. ಗಿರಿಮಲ್ಲಪ್ಪ ಬೇರೆ ಕಡೆ ಮುಖ ಮಾಡಿ ನಿಂತಿದ್ದರು.

ನಾನು ತೂಗುಕೊಕ್ಕೆ ಸರಿಯಿಲ್ಲ ಎಂದೆನು. ನಲವತ್ತು ವರ್ಷದಿಂದ ಯಾವ ರೈತನೂ ಈ ಮಾತು ಆಡಿಲ್ಲ ಎಂದು ಪರಮಾನಂದ ಸಿಟ್ಟಾದರು. ಆಗ ಗಿರಿಮಲ್ಲಪ್ಪನವರೇ, ತಮ್ಮ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಕಾಟಾ ಇದೆ, ನಾಲ್ಕು ಕಿಲೋಮೀಟರ್ ದೂರ, ನಡೆಯಿರಿ ಎಂದರು. ಅಲ್ಲೇ ಕುರಿ ಮೇಯಿಸುತ್ತಿದ್ದ ಭೀಮಶಿ ಎಂಬವರಲ್ಲಿ ಕುರಿಗಳಿಗೆ ನೀರು ಕುಡಿಸುವ, ಉದ್ದಕ್ಕೆ ಸೀಳಿದ ನೀಲಿ ಬ್ಯಾರಲ್ ಇತ್ತು. ಅದರಲ್ಲಿ ನೀರು ತುಂಬಿ ಮೀನು ಮಲಗಿಸಿ, ಜಿಗಿಯದಂತೆ ಅವರದೇ ಕಂಬಳಿ ಮುಚ್ಚಿದೆವು. ಅದು ಬೀರಪ್ಪನ ಪೂಜೆಗೆ ಹಾಸುವ ಕಂಬಳಿ, ಅದು ಹೋದಲ್ಲಿ ತಾನೂ ಬರುವವನೇ ಎಂದು ಭೀಮಶಿ ಗಾಡಿ ಹತ್ತಿ ಕುಳಿತರು.

ದಾರಿಯಲ್ಲಿ ಬ್ಯಾರಲ್ಲಿನ ನೀರು ತುಳುಕಿ ಅರ್ಧ ಖಾಲಿಯಾಯಿತು. ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ ನೀರು ಕೇಳಿದೆವು. ಗಾಳ ಹಾಕುವ ದಿನ ಬಹುಮಾನವನ್ನು ದಂಡೆಗೆ ತರಬೇಕೆಂದು ಮೊದಲೇ ಗೊತ್ತುಪಡಿಸಿದ್ದರಿಂದ ತಂಬಿಗೆ ಗಾಡಿಯಲ್ಲಿಯೇ ಇತ್ತು. ನಾನು ಪೆನ್ನುಗಳನ್ನು ತೆಗೆದಿಟ್ಟು ಅದರಿಂದಲೇ ಕಂಬಳಿಯೊಳಗೆ ನೀರು ಹೊಯ್ಯತೊಡಗಿದೆನು. ಆಗ ಕಂಬಳಿ ಒದ್ದಾಡಿತು. ಭೀಮಶಿ, "ಉಸರ ಐತ್ರಿ ಇನ್ನಾ, ಲಗೂ ನಡೀರಿ!" ಎಂದರು. ನಾನು, "ತೂಕ ಆಗೂತನಕಾರ ಜೀವ ಹಿಡದಿರಲಿ ಪರಮೇಶ್ವರಾ" ಎಂದೆನು. ಈ ಮಾತುಗಳನ್ನು ಕೇಳಿ, ಕಂಬಳಿಯೊಳಗೆ ಮಗುವಿದೆಯೆಂದು ತಿಳಿದು, ಯಾರೋ ಸಜ್ಜನರು ತಮ್ಮ ಠಾಣೆಗೆ ಫೋನ್ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನು.

ಕ್ರಾಸಿನಲ್ಲಿ ಗಾಡಿ ತಡೆದ ಮುತ್ತವ್ವ ಅವರು ವಿಷಯ ತಿಳಿದ ಮೇಲೆ, ತಮ್ಮ ಸಮಕ್ಷಮದಲ್ಲಿಯೇ ತೂಕವಾಗಲಿ ಎಂದು ಅಂಗಡಿಗೆ ಬಂದರು. ಎಲೆಕ್ಟ್ರಾನಿಕ್ ಕಾಟಾದ ಮೇಲೆ ಮೀನು ಹದಿನೆಂಟು ಕಿಲೋ ನೂರು ಗ್ರಾಂ ತೋರಿಸಿತು. ನಾನು ಪರಮಾನಂದರ ಕಡೆ ನೋಡಿದೆನು. ಅವರು ಒಂಚೂರೂ ಗಲಿಬಿಲಿಯಾಗದೆ, "ಹೌದಲ್ರಿ, ನನ್ನ ಕೊಕ್ಕೀನೂ ಅಷ್ಟ ತೋರಿಸಿತ್ತು. ಹಸಿ ಮಾಲಿಗೆ ಒಂದ್ ಕಿಲೋ ಬಿಡೂದು ಪದ್ಧತಿ. ಬಿಟ್ಟ ಹೇಳೇನಿ" ಎಂದರು. ಹಸಿ ಬೆಲ್ಲ ಆರಿದರೆ ತೂಕ ಇಳಿಯುತ್ತದೆ ಎಂದು ಪೇಟೆಯಲ್ಲಿ ಕಳೆಯುವ ಕಿಲೋವನ್ನು ಅವರು ಮೀನಿಗೂ ಕಳೆದಿದ್ದರು.

ಮೀನಿನ ನೀರು ಮೀನಿನದೇ, ಅದಕ್ಕೆ ಇಂಗ್ಲಿಷಿನಲ್ಲಿ ಇಂಟ್ರಿನ್ಸಿಕ್ ಎನ್ನುತ್ತಾರೋ ಇಂಟೆಸ್ಟೈನ್ ಎನ್ನುತ್ತಾರೋ ಈಗ ನೆನಪಿಲ್ಲ ಎಂದು ನಾನು ವಾದಿಸಿದೆನು. ಮುತ್ತವ್ವ ಅವರು, "ಅಜ್ಜಾರ, ನೀರಾಗಿಂದ ತಗದ ಮೀನ ಹಸಿ ಇರದ ಮತ್ತೇನ ಹಪ್ಪಳ ಇದ್ದಂಗ ಇರತೈತೇನ್ರಿ? ಆ ಕಿಲೋ ವಾಪಸ್ ಕೊಡ್ರಿ" ಎಂದು ಪರಮಾನಂದರಿಗೆ ತಾಕೀತು ಮಾಡಿದರು. ಪರಮಾನಂದ ಒಪ್ಪಿದರು. ಒಪ್ಪಿದವರು ಅಷ್ಟಕ್ಕೇ ಸುಮ್ಮನಾಗದೆ, "ಹಂಗಾದ್ರ ಗಿರಿಮಲ್ಲಪ್ಪನ ಹೋದ ವರ್ಷದ ಮೀನಿಗೂ ಒಂದ್ ಕಿಲೋ ವಾಪಸ್ ಕೊಡಬೇಕಾಗತೈತಿ. ಅದಕ್ಕೂ ಬಿಟ್ಟಿದ್ನಿ. ಅದು ಹದಿನೆಂಟು ನಾನ್ನೂರು" ಎಂದರು.

ಮುನ್ನೂರು ಗ್ರಾಂ ಮತ್ತೆ ಕಡಿಮೆ. ಅಷ್ಟರಲ್ಲಿ ಬ್ಯಾರಲ್ಲಿನಲ್ಲಿ ಮೀನು ಒಂದು ಮಗ್ಗುಲಿಗೆ ವಾಲುವುದು ನನಗೆ ಕಂಡಿತು. ಇನ್ನು ತೂಕದ ಮಾತು ಬೇಡ, ಮೊದಲು ಇದನ್ನು ನೀರಿಗೆ ಮುಟ್ಟಿಸೋಣ, ತಂಬಿಗೆ ಗಿರಿಮಲ್ಲಪ್ಪನವರದೇ ಎಂದು ನಾನು ಹೇಳಿದೆನು. ಪೊಲೀಸ್ ಜೀಪು ಮುಂದೆ, ನಾವು ಹಿಂದೆ, ಹೀಗೆ ದಂಡೆಗೆ ಬಂದೆವು. ದಾರಿಯುದ್ದಕ್ಕೂ ನಾನು ತಂಬಿಗೆಯಿಂದ ನೀರು ಹೊಯ್ಯುತ್ತಲೇ ಇದ್ದೆನು.

ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆನು. ಕಾಲು ಮರಗಟ್ಟಿ ನನ್ನವೆನಿಸಲಿಲ್ಲ. ಬಹಳ ಹೊತ್ತು ಅದು ಅಲುಗಲಿಲ್ಲ. ಆಮೇಲೆ ಕಿವಿರು ಆಡಿತು, ಬಾಲ ಆಡಿತು, ನನ್ನ ಮುಖಕ್ಕೆ ನೀರು ಸಿಡಿಸಿ ಹೋಯಿತು. ನನ್ನ ಮುಖದ ಮೇಲಿದ್ದದ್ದು ಆ ನೀರೇ. ದೇವರ ಮನೆಯ ಹೊಸ್ತಿಲಿಗೆ ಏನೂ ಬಾಧೆಯಿಲ್ಲ.

ಮೇಲೆ ಬಂದು ತಂಬಿಗೆ ಒರೆಸಿ, ಪೆನ್ನುಗಳನ್ನು ಒಳಗಿಟ್ಟು, ಗಿರಿಮಲ್ಲಪ್ಪನವರಿಗೆ ಕೊಟ್ಟೆನು. ಅವರು ಪೆನ್ನುಗಳನ್ನು ತೆಗೆದು ಕಿಸೆಗೆ ಹಾಕಿಕೊಂಡು ತಂಬಿಗೆಯನ್ನು ನನ್ನ ಕೈಗೆ ವಾಪಸ್ ಇಟ್ಟರು. "ಹೋದ ವರ್ಷ ನನ್ನ ಮೀನಿಗೆ ಪರಮಾನಂದ ಏನೂ ಬಿಟ್ಟಿಲ್ಲ. ಅದು ಹದಿನೇಳು ನಾನ್ನೂರ" ಎಂದರು. ಪರಮಾನಂದ, "ಏ, ನಾ ಬಿಟ್ಟೇನೋ ಮಾರಾಯಾ! ಹಸಿ ಮಾಲು..." ಎಂದು ಬಾಯಿ ತೆಗೆದರು. ಗಿರಿಮಲ್ಲಪ್ಪ ಅವರ ಕಡೆ ಕಣ್ಣು ಬಿಟ್ಟು, "ಎಲ್ಲೀ ಹಸಿ? ಹೋದ ವರ್ಷ ರಣರಣ ಬಿಸಲಿತ್ತು. ನನ್ನ ಮೀನ ಒಣಗಿತ್ತು. ಒಣ ಮಾಲಿಗೆ ಬಿಡೂ ಪದ್ಧತಿ ಎಲ್ಲೈತಿ?" ಎಂದರು.

ನೀರಿನಿಂದ ಆಗಷ್ಟೇ ತೆಗೆದ ಮೀನು ಒಣಗಿತ್ತೇ ಎಂದು ಮುತ್ತವ್ವ ಅವರು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ಹೋದ ವರ್ಷ ಸ್ಥಳದಲ್ಲೇ ಇರದ ಭೀಮಶಿಯವರು ಹೌದೆಂದರು. ಪರಮಾನಂದ ತೂಗುಕೊಕ್ಕೆಯನ್ನು ಚೀಲಕ್ಕೆ ತುರುಕುತ್ತ, ಒಣಗಿದ್ದರೂ ಒಣಗಿರಬಹುದು ಎಂದರು. ನನ್ನನ್ನು ಕೇಳಿದಾಗ ನಾನು ತಂಬಿಗೆ ಹಿಡಿದುಕೊಂಡಿದ್ದೆನು.

ನಾನು ಸರಕಾರದಲ್ಲಿ ಮೂವತ್ತೈದು ವರ್ಷ ಸೇವೆ ಸಲ್ಲಿಸಿದವನು, ಸುಳ್ಳು ಹೇಳಿಕೆಯ ಪರಿಣಾಮ ಬಲ್ಲವನು. ಮೇಲೆ ಬರೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಯಾರ ಒತ್ತಾಯವೂ ಇಲ್ಲ. ವಿಶೇಷವಾಗಿ ಹೋದ ವರ್ಷದ ಕಟ್ಲಾ ಮೀನು ಸಂಪೂರ್ಣ ಒಣಗಿತ್ತು, ಮುಟ್ಟಿ ನೋಡಿದ್ದೇನೆ, ಅದು ಸತ್ಯವೆಂದು ಓದಿ ನೋಡಿ ಸಹಿ ಮಾಡಿರುತ್ತೇನೆ.

ಸ್ಥಳ: ಬೀಳಗಿ
ದಿನಾಂಕ: 14-12-2025

(ಸಹಿ) ಪ್ರಹ್ಲಾದ ವಿ. ಗಲಗಲಿ

ಸಾಕ್ಷಿ: (ಸಹಿ) ಗಿರಿಮಲ್ಲಪ್ಪ, ತಮ್ಮದೇ ಪೆನ್ನಿನಿಂದ